ಎಲ್ಲಕ್ಕೂ ಆಗುವ ಗೋಡೆ

1

ಕಥೆಯನ್ನು ಬಾಗಿಲಿನಿಂದ ಶುರು ಮಾಡಲೋ ಬಸವನಹುಳುವಿನಿಂದಲೋ ಎಂದು ತೀರ್ಮಾನವಾಗದೆ ಬಹಳ ದಿನದಿಂದ ಕೂತಿದ್ದೇನೆ. ಬಾಗಿಲಿನಿಂದಾದರೆ ನೀವು ಸಲೀಸಾಗಿ ಒಳಗೆ ಬರಬಹುದು. ಆದರೆ ಈ ಕಥೆಯ ಬಾಗಿಲುಗಳನ್ನೆಲ್ಲ ಕಿತ್ತು, ನಡುವಿಗೆ ಕೊಯ್ದು, ಸುಣ್ಣ ಬಳಿದಾಗಿದೆ. ಬಸವನಹುಳುವಿನಿಂದಾದರೆ ಅದು ಬಂದು ಮುಟ್ಟುವ ತನಕ ಕಾಯುವ ವ್ಯವಧಾನ ನಿಮಗಿಲ್ಲ. (ನನಗೂ ಇಲ್ಲ. ಬರೆಯುವವರಿಗೆ ತಾಳ್ಮೆ ಜಾಸ್ತಿ ಎಂದು ಸುದ್ದಿ ಹಬ್ಬಿಸಿದವರು ಯಾವತ್ತೂ ಬರೆದವರಲ್ಲ.)

ಮೊದಲ ಪ್ರಯತ್ನ: "ಅಂದು ಊರಿನಲ್ಲಿ ಕರೆಂಟು ಹೋಗಿತ್ತು."

ಇದನ್ನು ಕೆಳಗಿನ ಮಹಡಿಯ ಇದಾಲ್ಮಿಸ್‌ಗೆ ಓದಿ ಹೇಳಿದೆ. ಕಥೆ ಅವಳದು, ಕೇಳದೆ ಬರೆದರೆ ಆಮೇಲೆ ಮೆಟ್ಟಿಲ ಮೇಲೆ ಮುಖ ತಪ್ಪಿಸಿಕೊಂಡು ಓಡಾಡಬೇಕಾಗುತ್ತದೆ. ಬಟ್ಟೆ ಹಿಂಡುತ್ತಿದ್ದವಳು ತಲೆ ಎತ್ತಲಿಲ್ಲ.

"ಹೋಗಿದ್ದ ದಿನ ಅಂದ್ರೆ ಯಾವ ದಿನ ಅಂತ ಜನಕ್ಕೆ ಹ್ಯಾಗೆ ಗೊತ್ತಾಗ್ಬೇಕು, ಕಂಪಾಯ್? ಕರೆಂಟು ಇದ್ದ ದಿನ ಅಂತ ಬರಿ. ಅದಾದ್ರೆ ನೆನಪಿರುತ್ತೆ."

(ಕಂಪಾಯ್ ಎಂದರೆ ನಮ್ಮ ಕಡೆ ಗೆಳೆಯ.) ಹೊಡೆದು ಹಾಕಿದೆ.

ಎರಡನೆಯದು: "ಕ್ಯೂಬಾ ದ್ವೀಪದ ಪೂರ್ವದ ತುದಿಯಲ್ಲಿ, ಬೆಟ್ಟಗಳು ಸಮುದ್ರಕ್ಕೆ ಕಾಲು ಇಳಿಬಿಟ್ಟು ಕೂತಿರುವಲ್ಲಿ..." ಅವಳು ಬಟ್ಟೆ ಕೊಡವಿದಳು. ನೀರೆಲ್ಲ ನನ್ನ ಹಾಳೆಯ ಮೇಲೆ.

"ಏನಿದು, ಹೋಟೆಲಿನ ಜಾಹೀರಾತಾ?"

ಅದನ್ನೂ ಬಿಟ್ಟೆ. ಕ್ಯೂಬಾ ಎಂಬುದನ್ನಷ್ಟೇ ಇಟ್ಟುಕೊಳ್ಳೋಣ. ಊರಿನ ಹೆಸರೂ ವಿಶ್ವವಿದ್ಯಾಲಯದ ಹೆಸರೂ ಬೇಡ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಸುಮ್ಮನೆ ಅವರನ್ನೇಕೆ ಎಳೆಯುವುದು.

2

ಇದಾಲ್ಮಿಸ್ ವಿಶ್ವವಿದ್ಯಾಲಯದ ಡಿಸೈನರ್. ಹಾಗೆಂದರೆ ಬ್ಯಾನರಿನಲ್ಲಿ ಹೋದ ವರ್ಷದ ಇಸವಿಯ ಮೇಲೆ ಈ ವರ್ಷದ ಇಸವಿ ಅಂಟಿಸುವವಳು. ಆಗೀಗ ಹುಡುಗರಿಗೆ ವಿನ್ಯಾಸದ ಪಾಠ ಹೇಳುವವಳು. ಐವತ್ತರ ಹತ್ತಿರದವಳು, ಒಬ್ಬಳೇ ಇರುವವಳು, ಕಡ್ಡಿ ಮುರಿದಂತೆ ಮಾತಾಡುವವಳು. ಒಂದು ದಿನ ಉಪಕುಲಪತಿ ಅರಿಸ್ತಿದೆಸ್ ಅವಳನ್ನು ಕರೆಸಿದ.

"ನೋಡಮ್ಮ, ಪ್ರತಿ ಪ್ರದರ್ಶನಕ್ಕೂ ಹೊಸದಾಗಿ ಹಲಗೆ ಎಲ್ಲಿಂದ ತರೋದು? ಒಂದೇ ಸಲ ಮಾಡಿಬಿಡು. ಬಿಚ್ಚೋಕೆ ಬರ್ಬೇಕು, ಜೋಡ್ಸೋಕೆ ಬರ್ಬೇಕು, ಕ್ಯಾಂಪಸ್ಸಲ್ಲಿ ಎಲ್ಲಿ ಬೇಕಾದ್ರೂ ನಿಲ್ಬೇಕು. ಎಲ್ಲಕ್ಕೂ ಆಗ್ಬೇಕು."

"ಮರ?"

"ಮರ ಇಲ್ಲ."

"ಮೊಳೆ?"

"ಮೊಳೆ ಇದ್ದಿದ್ರೆ ನಿನ್ನ ಯಾಕೆ ಕರೀತಿದ್ದೆ?"

ಅರಿಸ್ತಿದೆಸ್ ತಮಾಷೆ ಮಾಡುತ್ತಿರಲಿಲ್ಲ. ಅವನ ಕುರ್ಚಿಯ ಒಂದು ಕೈಯನ್ನು ತಂತಿಯಿಂದ ಕಟ್ಟಲಾಗಿತ್ತು. ಇಂಥದ್ದನ್ನು ದಿನಕ್ಕೆ ಹತ್ತು ಜನಕ್ಕೆ ಹೇಳಿ ಅವನ ಮುಖವೇ ಸವೆದುಹೋಗಿತ್ತು.

ಇದಾಲ್ಮಿಸ್ ಆಗಲಿ ಎಂದಳು. ಉಪಕುಲಪತಿಗಾಗಿ ಅಲ್ಲ, ಪ್ರೊಫೆಸರ್ ಎನೇಯ್ದಾ ಫಹಾರ್ದೋ ಅವರಿಗಾಗಿ.

3

ಎನೇಯ್ದಾ ಎಂಬತ್ತು ದಾಟಿದ ಮುದುಕಿ. ಇಡೀ ಆಯುಷ್ಯ ಒಂದೇ ಹುಳುವಿನ ಹಿಂದೆ ನಡೆದವರು. ನಮ್ಮ ಬೆಟ್ಟಗಳಲ್ಲಿ ಮರದ ತೊಗಟೆಗೆ ಅಂಟಿಕೊಂಡಿರುವ ಬಣ್ಣದ ಬಸವನಹುಳು ಅದು. ಹಳದಿ, ಕಿತ್ತಳೆ, ಕೆಂಪು. ಮೇಲೆ ಕಪ್ಪು ಗೆರೆ. ಪಡುವಣ ಬೆಟ್ಟದಿಂದ ಮೂಡಣ ಬೆಟ್ಟಕ್ಕೆ ನಡೆದಂತೆಲ್ಲ ಚಿಪ್ಪಿನ ಹಳದಿ ಸ್ವಲ್ಪಸ್ವಲ್ಪವೇ ಕೆಂಪಿಗೆ ತಿರುಗುತ್ತದೆ, ಎಲ್ಲೂ ಕಡಿಯುವುದಿಲ್ಲ, ಹಾಡಿನಲ್ಲಿ ರಾಗ ಏರಿದ ಹಾಗೆ ಎಂಬುದು ಅವರ ವಾದ. ಹವಾನಾದ ಪಂಡಿತರು ಹಿಂದೊಮ್ಮೆ ಕೇಳಿದ್ದರಂತೆ: "ಅಷ್ಟನ್ನೂ ಸಾಲಾಗಿ ಇಟ್ಟು ನೋಡಿದ್ದೀರಾ?"

ನೋಡಿರಲಿಲ್ಲ. ಅಷ್ಟು ಉದ್ದದ ಮೇಜು ಯಾವ ಕಾಲದಲ್ಲೂ ಅವರಿಗೆ ಸಿಕ್ಕಿರಲಿಲ್ಲ. ಒಂದೊಂದು ಚಿಪ್ಪೂ ಹತ್ತಿಯಲ್ಲಿ ಮಲಗಿ, ಪೊಟ್ಟಣವನ್ನೋ ಸೀಸೆಯನ್ನೋ ಸೇರಿ, ಕಪಾಟು ಸೇರಿ ಬೀಗ ಹಾಕಿಸಿಕೊಂಡಿತ್ತು. ಸಾಲಾಗಿ ಇಟ್ಟರೆ ಮಾತ್ರ ಅವರು ಸರಿಯೋ ತಪ್ಪೋ ತಿಳಿಯುವುದು. ಈಗ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಆಸ್ಪತ್ರೆಯಲ್ಲಿ ವೈದ್ಯರಿದ್ದರು, ಲೆನ್ಸ್ ಇರಲಿಲ್ಲ.

ಇದಾಲ್ಮಿಸ್ ಹುಡುಗಿಯಾಗಿದ್ದಾಗ ಚಿತ್ರ ಬರೆಯುವ ಕೆಲಸಕ್ಕೆ ಅವರ ಬಳಿ ಸೇರಿದವಳು. ಮೊದಲ ದಿನವೇ ಅವಳ ಚಿತ್ರ ಹರಿದು ಎನೇಯ್ದಾ ಹೇಳಿದ್ದರು: "ಗೆರೆ ಎಳೀಬೇಡ, ಹುಡುಗೀ. ಹುಳ ಹ್ಯಾಗೆ ತನ್ನ ಸುತ್ತ ತಾನೇ ಸುತ್ಕೊಂಡು ಬೆಳೀತೋ ಹಾಗೆ ಕೈ ಸುತ್ತಿಸು."

ಆ ಕೈಯಿಂದಲೇ ಅವಳು ಅನ್ನ ಉಣ್ಣುತ್ತಿರುವುದು. ಹಾಗಾಗಿ ಅರಿಸ್ತಿದೆಸ್‌ನ ಕೋಣೆಯಿಂದ ನೇರ ಎನೇಯ್ದಾ ಮನೆಗೆ ಹೋಗಿ, "ಪ್ರೊಫೆ, ನಿಮಗೊಂದು ಗೋಡೆ ಮಾಡಿಕೊಡ್ತೀನಿ" ಎಂದಳು.

4

(ಈ ಭಾಗದಲ್ಲಿ ಇದಾಲ್ಮಿಸ್‌ಗೂ ಬಡಗಿ ನೊಯೆಲ್ವಿಸ್‌ಗೂ ಪ್ರೀತಿ ಹುಟ್ಟಿಸಿದ್ದೆ. ಗರಗಸದ ಪುಡಿ, ಬೆವರು, ಕಿಟಕಿಯಿಂದ ಬಿಸಿಲು, ಎಲ್ಲ ಇತ್ತು. ಓದಿ ಹೇಳಿದಾಗ ಅವಳು, "ನೀನೇ ಕಟ್ಕೋ ಅವನನ್ನ" ಎಂದಳು. ಹರಿದು ಹಾಕಿದ್ದೇನೆ. ಓದುಗರೇ, ನಿಮಗಾದ ನಷ್ಟಕ್ಕೆ ನಾನು ಹೊಣೆಯಲ್ಲ.)

5

ಹಳೆಯ ಹಾಸ್ಟೆಲ್ ಒಂದು ಮುಚ್ಚಿಹೋಗಿತ್ತು. ಮಾಡು ಸೋರಿ ಗೋಡೆ ಹಸಿರಾಗಿದ್ದರೂ ಕೋಣೆಗಳ ಬಾಗಿಲು ಗಟ್ಟಿಯಾಗಿದ್ದವು. ಯಾವ ಕಾಲದ ದೇವದಾರೋ ಏನೋ. ಇದಾಲ್ಮಿಸ್ ಅವುಗಳ ಮುಂದೆ ಒಂದು ಮಧ್ಯಾಹ್ನವಿಡೀ ನಿಂತಳು. ಬಾಗಿಲಿಗೆ ಕೀಲು ಹೇಗೂ ಇರುತ್ತದೆ. ಒಂದರ ಕೀಲಿಗೆ ಇನ್ನೊಂದನ್ನು ಸಿಕ್ಕಿಸಿದರೆ ಮೊಳೆ ಬೇಡ, ಕಾಲೂ ಬೇಡ. ಅಂಕುಡೊಂಕಾಗಿ ಮಡಚಿದರೆ ತಾನಾಗಿ ನಿಲ್ಲುತ್ತದೆ. ಕೀಲಿನ ಕಡ್ಡಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಎತ್ತರ ಹೆಚ್ಚಾಯಿತೆಂದು ನಡುವಿಗೆ ಕೊಯ್ಯಿಸಿದಳು. ಇಬ್ಬರು ಹೆಂಗಸರು ಎತ್ತಿಕೊಂಡು ಹೋಗುವಷ್ಟು ಭಾರ. ಸುಣ್ಣ ಬಳಿದರೂ ಕೋಣೆಯ ನಂಬರುಗಳು ಮಸುಕಾಗಿ ಮೇಲೆದ್ದು ಬರುತ್ತಿದ್ದವು. ಅವನ್ನು ಹಾಗೇ ಬಿಟ್ಟಳು.

ಪ್ರತಿ ಹಲಗೆಗೂ ಸೊಂಟದ ಮಟ್ಟದಲ್ಲಿ ಬೆರಳಗಲದ ಒಂದು ಅಂಚುಪಟ್ಟಿ ಕೊಟ್ಟಿದ್ದಳು. ಹಲಗೆಗಳು ಸಾಲಾಗಿ ನಿಂತಾಗ ಆ ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಹರಿಯುತ್ತಿತ್ತು. ಚಿಪ್ಪು ಕೂರಲಿಕ್ಕೆ ಅಂಥ ಜಾಗವೇ ಬೇಕು.

ಅರಿಸ್ತಿದೆಸ್ ಬಂದು ನೋಡಿದ. ಕೀಲನ್ನು ತಿರುಗಿಸಿದ, ಮಡಚಿದ, ಬಿಚ್ಚಿದ. ಮನಸಾರೆ ಹೊಗಳಿದ. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟ.

"ಇದು ಯಾಕೆ?"

"ಎನೇಯ್ದಾ ಅವರ ಹುಳುಗಳಿಗೆ."

"ಹುಳ ಒಂದು ಸಲ. ಮಿಕ್ಕ ವರ್ಷವೆಲ್ಲ ಇದರ ಮೇಲೆ ಏನಿಡ್ಲಿ, ಕಾಫಿ ಲೋಟಾನಾ? ಪೋಸ್ಟರ್ ಅಂಟಿಸಿದ್ರೆ ನಡುವೆ ಮಡಿಕೆ ಬೀಳುತ್ತೆ. ಎಲ್ಲಕ್ಕೂ ಆಗ್ಬೇಕು ಅಂದ್ರೆ ಯಾವ್ದೋ ಒಂದಕ್ಕೆ ಅಂತ ಮಾಡಿರ್ಬಾರ್ದು, ಅಲ್ವಾ?"

ಅವನ ಮಾತು ಸರಿಯಾಗಿತ್ತು. ಅದೇ ಅವಳಿಗೆ ನುಂಗಲಾರದ ತುತ್ತಾಯಿತು. ವಾದಿಸಲಿಕ್ಕೆ ಬಾಯಿ ತೆರೆದಳು. ತಾನೂ ಅದನ್ನೇ ತರಗತಿಯಲ್ಲಿ ಪಾಠ ಮಾಡಿದ್ದು ನೆನಪಾಗಿ ಮುಚ್ಚಿದಳು. ಪಟ್ಟಿ ಕಿತ್ತುಹಾಕಿಸಿದಳು.

"ಮೊದಲ ಪ್ರದರ್ಶನ ಅವರದ್ದೇ ತಾನೇ?" ಎಂದು ಮಾತ್ರ ಕೇಳಿದಳು.

"ಮೊದಲ್ನೇದು ಸಂಸ್ಥೆಯ ಸಾಧನೆ. ಎರಡನೇದು ಅವರದ್ದು. ಬಸವನಹುಳಕ್ಕೆ ಏನಮ್ಮ ಅವಸರ."

6

ಇಲ್ಲಿ ಕಾಲ ಸರಿಯಬೇಕು. ಚೆನ್ನಾಗಿ ಬರೆಯುವವರು ಇಂಥ ಕಡೆ ಋತುಗಳನ್ನು ತಿರುಗಿಸುತ್ತಾರೆ. ನಮ್ಮಲ್ಲಿ ಇರುವುದು ಮಳೆ ಮತ್ತು ಬಿಸಿಲು, ಎರಡೇ. ಹಾಗಾಗಿ ಹಲಗೆಗಳನ್ನೇ ತಿರುಗಿಸುತ್ತೇನೆ.

ಸಾಧನೆಯ ಫೋಟೋಗಳಾದ ಮೇಲೆ ಶಿಕ್ಷಕರ ಸಮ್ಮೇಳನ ಬಂತು. ಅದು ಮುಗಿಯುವಷ್ಟರಲ್ಲಿ ರಕ್ತದಾನಕ್ಕೆ ಮರೆ ಬೇಕಾಯಿತು. ಆಮೇಲೆ ಲಸಿಕೆ. ಆಮೇಲೆ ಚದುರಂಗದ ಪಂದ್ಯ. ಆಟಗಾರರು ಒಬ್ಬರನ್ನೊಬ್ಬರು ನೋಡಿ ನಗಬಾರದೆಂದು ನಡುನಡುವೆ ನಿಲ್ಲಿಸಿದರು. ಕ್ಯಾಂಟೀನಿನ ಗೋಡೆ ಬಿದ್ದಾಗ ಅಲ್ಲೂ ನಿಂತವು. ಒಂದು ಹಲಗೆ ಕಾವಲುಗಾರನ ಹಂದಿಗೂಡು ಸೇರಿತು. ಇದಾಲ್ಮಿಸ್ ಹೋಗಿ ಜಗಳ ಮಾಡಿ ತಂದು ತೊಳೆದಳು. ಒಂದೂ ಮುರಿಯಲಿಲ್ಲ, ಒಂದು ಕೀಲೂ ಸಡಿಲಾಗಲಿಲ್ಲ. ಹೊರಗಿನಿಂದ ಬಂದವರೆಲ್ಲ ಬೆನ್ನು ತಟ್ಟಿದರು.

ಎನೇಯ್ದಾ ಮನೆಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಯಾವಾಗ, ಹುಡುಗೀ?"

"ಇದೊಂದು ಮುಗೀಲಿ, ಪ್ರೊಫೆ."

ಹುರಿದ ಬಟಾಣಿ ಬೆರೆಸಿದ ಕಾಫಿ ಕೊಡುತ್ತಿದ್ದರು. ಮೊದಮೊದಲು ಲೋಟ ನೇರ ಅವಳ ಕೈಗೆ ಬರುತ್ತಿತ್ತು. ಆಮೇಲೆ ಸ್ವಲ್ಪ ಪಕ್ಕಕ್ಕೆ ಬರತೊಡಗಿತು. ಕೊನೆಗೆ ಗಾಳಿಯಲ್ಲಿ ನಿಂತು ಅವಳ ಕೈ ಬರಲೆಂದು ಕಾಯತೊಡಗಿತು.

"ಈ ವಾಕ್ಯ ತೆಗಿ" ಎಂದಳು ಇದಾಲ್ಮಿಸ್.

"ಯಾಕೆ? ಚೆನ್ನಾಗಿದೆಯಲ್ಲ."

"ಅದಕ್ಕೇ ತೆಗಿ. ನಾನಲ್ಲಿ ಕೂತು ಸಾಯ್ತಿದ್ದೆ. ಚೆನ್ನಾಗಿರ್ಲಿಲ್ಲ."

(ತೆಗೆದಿಲ್ಲ. ಬರೆಯುವವನ ನಾಚಿಕೆಗೇಡಿತನಕ್ಕೆ ಇದೊಂದು ಉದಾಹರಣೆಯಾಗಿ ಇರಲಿ.)

7

ಕೊನೆಗೆ ಎನೇಯ್ದಾ ಅವರ ಸರದಿ ಬಂದದ್ದು ಎಲ್ಲವೂ ನಿಂತುಹೋದದ್ದರಿಂದ. ಡೀಸೆಲ್ ಬರಲಿಲ್ಲ, ಬಸ್ಸು ನಿಂತಿತು, ತರಗತಿಗಳು ನಿಂತವು, ಹುಡುಗರನ್ನು ಮನೆಗೆ ಕಳಿಸಿದರು. ಸಮ್ಮೇಳನವೂ ಇಲ್ಲ, ಚದುರಂಗವೂ ಇಲ್ಲ. ಅರಿಸ್ತಿದೆಸ್ ಗ್ರಂಥಾಲಯದ ಪಡಸಾಲೆಯ ಕೀಲಿಕೈ ಕೊಟ್ಟ.

"ತಗೋ, ಈಗ ನಿನ್ನ ಹುಳ ಇಟ್ಕೋ. ನೋಡೋಕೆ ಯಾರೂ ಬರಲ್ಲ."

"ಒಬ್ಬರು ನೋಡಿದ್ರೆ ಸಾಕು."

"ಅವರಿಗೆ ಕಣ್ಣು ಕಾಣ್ಸುತ್ತಾ?"

ಅವನು ಚುಚ್ಚಲಿಕ್ಕೆ ಕೇಳಿರಲಿಲ್ಲ. ಅವಳು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಪಟ್ಟಿ ಇರಲಿಲ್ಲವಲ್ಲ; ಬಿದಿರು ಸೀಳಿದಳು. ಬಾಗಿಲುಗಳ ಬೀಗದ ತೂತಿನಲ್ಲಿ ಹುರಿ ಪೋಣಿಸಿ, ಸೀಳು ಬಿದಿರನ್ನು ದೋಣಿಯಂತೆ ಅಂಗಾತ ತೂಗಿಬಿಟ್ಟಳು. ಅದರೊಳಗೆ ನದಿಯ ಮರಳು. ಹೀಗೆ ಪಡಸಾಲೆಯುದ್ದಕ್ಕೂ ಒಂದು ಹಾದಿಯಾಯಿತು. ಎರಡು ತುದಿಗಳಿಂದ ಚಿಪ್ಪು ಜೋಡಿಸುತ್ತ ಬಂದಳು. ಪಡುವಣ ತುದಿಯವು ಮೊಟ್ಟೆಯ ಒಳಗಿನ ಹಳದಿ. ಮೂಡಣದವು ದಾಸವಾಳದ ಕೆಂಪು. ಈ ಎರಡು ತುದಿಗಳ ಚಿಪ್ಪುಗಳನ್ನು ಎನೇಯ್ದಾ ಕೊನೆಗೊನೆಗೆ ಆರಿಸಿ ತಂದಿದ್ದರು, ಗಾಜಿನ ಸೀಸೆಗಳಲ್ಲಿ ಇಟ್ಟಿದ್ದರು. ನಡುವಿನ ಬೆಟ್ಟಗಳದು ಅವರ ಯೌವನದ ಸಂಗ್ರಹ. ಅವು ಬೆಂಕಿಪೊಟ್ಟಣಗಳಲ್ಲಿದ್ದವು.

ಇದಾಲ್ಮಿಸ್ ಮೊದಲ ಪೊಟ್ಟಣ ತೆರೆದಳು. ಹತ್ತಿಯ ಮೇಲೆ ಸುಣ್ಣದ ಉಂಡೆಯಂಥದ್ದೊಂದು ಮಲಗಿತ್ತು. ಎತ್ತಿದರೆ ಬಿಳಿ ಹಿಟ್ಟು ಬೆರಳಿಗೆ ಅಂಟಿತು. ಎರಡನೆಯದೂ ಹಾಗೇ. ನೆಲದ ಮೇಲೆ ಕೂತು ಕಪಾಟಿನ ಅಷ್ಟೂ ಪೊಟ್ಟಣ ತೆರೆದಳು. ನಡುವಿನ ಯಾವ ಬೆಟ್ಟಕ್ಕೂ ಬಣ್ಣವಿರಲಿಲ್ಲ.

ಆದರೂ ಅವನ್ನು ಅವುಗಳ ಜಾಗದಲ್ಲೇ ಇಟ್ಟಳು.

8

ಇನ್ನು ಮುಕ್ತಾಯ. ನಿಮಗಾಗಿ ಕೆಲವು ಬರೆದಿಟ್ಟಿದ್ದೇನೆ.

ಕ. ಎನೇಯ್ದಾ ಕೇಳುತ್ತಾರೆ, ಇದಾಲ್ಮಿಸ್ ಕಣ್ಣೀರು ನುಂಗಿ, "ಹಳದಿ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು, ಎಲ್ಲೂ ಕಡಿದಿಲ್ಲ" ಎನ್ನುತ್ತಾಳೆ. ಮುದುಕಿ ನಗುತ್ತ ಕಣ್ಣು ಮುಚ್ಚುತ್ತಾರೆ.

"ಅವರು ಕಣ್ಣು ಮುಚ್ಲಿಲ್ಲ. ಇನ್ನೂ ಗಟ್ಟಿಯಾಗಿದ್ದಾರೆ. ಸಾಯ್ಸಬೇಡ" ಎಂದಳು ಇದಾಲ್ಮಿಸ್.

ಖ. ಹವಾನಾದಿಂದ ಲೆನ್ಸ್ ಬರುತ್ತದೆ.

ಇದನ್ನು ಓದಿದಾಗ ಅವಳು ನಕ್ಕಳು. ಬಹಳ ಹೊತ್ತು ನಕ್ಕಳು. ಮೇಲಿನ ಮಹಡಿಯವರೂ ಇಣುಕಿದರು.

ಗ. ಚಂಡಮಾರುತ ಬಂದು ಊರು ಮುಳುಗಿ, ನಿರಾಶ್ರಿತರನ್ನು ಹಳೆಯ ಹಾಸ್ಟೆಲಿಗೆ ತುಂಬಿ, ಹಲಗೆಗಳು ಮತ್ತೆ ಬಾಗಿಲುಗಳಾಗುತ್ತವೆ. (ನನಗೆ ಬಲು ಇಷ್ಟವಾದದ್ದು ಇದೇ.)

"ಅರ್ಧ ಬಾಗಿಲು ಹಾಕ್ಕೊಂಡು ಯಾವ ಹೆಂಗಸು ಬಟ್ಟೆ ಬದಲಾಯಿಸ್ತಾಳೆ, ಕಂಪಾಯ್? ಕೊಯ್ದಾಯ್ತಲ್ಲ. ಮೇಲಾಗಿ ಚಂಡಮಾರುತ ಬಂದೇ ಇಲ್ಲ."

"ಹಾಗಾದ್ರೆ ಏನಾಯ್ತು ಅಂತ ನೀನೇ ಹೇಳು."

ಅವಳು ಹೇಳಿದಳು.

9

ಎನೇಯ್ದಾ ಜಟಕಾದಲ್ಲಿ ಬಂದರು. ಇಸ್ತ್ರಿ ಮಾಡಿದ ನೀಲಿ ಫ್ರಾಕು ಹಾಕಿ, ಕತ್ತಿಗೆ ಪೌಡರ್ ಹಚ್ಚಿಕೊಂಡಿದ್ದರು. ಪಡಸಾಲೆಯಲ್ಲಿ ಇದಾಲ್ಮಿಸ್‌ಳ ತೋಳು ಹಿಡಿದು ಗೋಡೆಯುದ್ದಕ್ಕೂ ನಡೆದರು. ಬೆಳಕಿನ ಕಡೆ ಮುಖ ತಿರುಗಿಸಿದರು. ಹತ್ತಿರ ಬಾಗಿದರು. ಏನೂ ಕಾಣಲಿಲ್ಲ ಎಂಬುದು ಅವರ ಹೆಜ್ಜೆಯಲ್ಲೇ ಗೊತ್ತಾಗುತ್ತಿತ್ತು.

"ಹೇಳು."

"ಈ ತುದಿ ಹಳದಿ ಇದೆ, ಪ್ರೊಫೆ. ಆ ತುದಿ ಕೆಂಪಿದೆ."

"ಅದು ನಂಗೂ ಗೊತ್ತು. ನಡುವೆ?"

"ನಡುವೆ ಬೆಳ್ಳಗಿದೆ."

"ಬಿಳಿ ಹುಳ ನಾನು ತಂದಿಲ್ಲ."

"ಚಿಪ್ಪು ಹಿಟ್ಟಾಗಿದೆ. ಮುಟ್ಟಿದ್ರೆ ಕೈಗೆ ಬರುತ್ತೆ."

ಎನೇಯ್ದಾ ಕೈ ಚಾಚಿದರು. ಅವಳು ಒಂದು ಚಿಪ್ಪನ್ನು ಅಂಗೈಗಿಟ್ಟಳು. ಮುದುಕಿ ಉಜ್ಜಿ ನೋಡಿದರು, ಬೆರಳನ್ನು ನಾಲಿಗೆಗೆ ತಾಗಿಸಿದರು.

"ರಟ್ಟಿನ ಹುಳಿ" ಎಂದರು. "ರಟ್ಟಲ್ಲಿ ಇಟ್ರೆ ಅದರ ಹುಳಿಗಾಳಿ ಚಿಪ್ಪನ್ನ ತಿಂದುಹಾಕುತ್ತೆ. ನಾನೇ ಪಾಠ ಮಾಡ್ತಿದ್ದೆ. ಇಡೋದಕ್ಕೆ ಬೇರೆ ಏನಿತ್ತು ಆಗ?"

ಇದಾಲ್ಮಿಸ್ ತನ್ನ ಬೆರಳಿನ ಹಿಟ್ಟನ್ನು ಲಂಗಕ್ಕೆ ಒರೆಸಿಕೊಂಡಳು.

"ಹಾಗಾದ್ರೆ ನಾನು ಹೇಳಿದ್ದು ಸರಿನಾ, ತಪ್ಪಾ?"

"ಗೊತ್ತಾಗಲ್ಲ, ಪ್ರೊಫೆ."

"ತಪ್ಪು ಅನ್ನು, ಪರವಾಗಿಲ್ಲ."

"ತಪ್ಪು ಅಂತಾನೂ ಗೊತ್ತಾಗಲ್ಲ."

ಎನೇಯ್ದಾ ಆ ಚಿಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು. ಅದು ಅವರ ಬೆವರಿಗೆ ಇನ್ನಷ್ಟು ಹಿಟ್ಟಾಗುತ್ತಿತ್ತು. ಸುಳ್ಳು ಹೇಳಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಇದಾಲ್ಮಿಸ್ ಅಂದಳು: "ಜೀವಮಾನವೆಲ್ಲ ಒಂದೇ ಪ್ರಶ್ನೆ ಕೇಳಿದವರು. ಅವರಿಗೆ ಹ್ಯಾಗೆ ಹೇಳ್ಲಿ?"

ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಜಟಕಾ ಇನ್ನೂ ಬಾಗಿಲಲ್ಲಿ ನಿಂತಿತ್ತು. ಅದನ್ನು ಹತ್ತುವಾಗ ಎನೇಯ್ದಾ ಹೇಳಿದರು:

"ನೀನು ಹೋಗಿ ತಾ. ನಡುವಿನ ಬೆಟ್ಟಗಳದ್ದು ಸಾಕು. ಜೀವ ಇರೋದನ್ನ ಮುಟ್ಟಬೇಡ. ಸತ್ತವು ಮರದ ಬುಡದಲ್ಲಿ ಬಿದ್ದಿರ್ತವೆ."

"ಆಗಲಿ, ಪ್ರೊಫೆ" ಎಂದಳು ಇದಾಲ್ಮಿಸ್.

10

ಹೋಗಲಿಲ್ಲ. ಅಲ್ಲ, ಒಮ್ಮೆ ಹೋದಳು. ಲಾರಿ, ಎತ್ತಿನಗಾಡಿ, ಆಮೇಲೆ ನಡಿಗೆ. ಮೊದಲನೆಯ ಬೆಟ್ಟದಲ್ಲಿ ಮರವೇ ಇರಲಿಲ್ಲ. ಗ್ಯಾಸಿಲ್ಲದ ಊರು ಕಟ್ಟಿಗೆ, ಇದ್ದಿಲು ಎಂದು ಬೆಟ್ಟವನ್ನೇ ಒಲೆಗೆ ಹಾಕಿತ್ತು. ಎರಡನೆಯದೂ ದೂರದಿಂದಲೇ ಬೋಳಾಗಿ ಕಾಣುತ್ತಿತ್ತು. ಮೊಣಕಾಲು ಊದಿಸಿಕೊಂಡು ಬಂದಳು.

ಭಾನುವಾರ ಎನೇಯ್ದಾ ಕಾಫಿ ಹಿಡಿದು ಕಾಯುತ್ತಿದ್ದರು.

"ಯಾವ ಬಣ್ಣ?"

ಗೋಡೆಯ ಮುಂದೆ ಬಾರದಿದ್ದ ಸುಳ್ಳು ಅಡುಗೆಮನೆಯಲ್ಲಿ ಬಂದುಬಿಟ್ಟಿತು. "ಹಳದಿನೇ, ಪ್ರೊಫೆ. ಆದ್ರೆ ಸ್ವಲ್ಪ ಕೆಂಪು ಬಡಿದಿದೆ."

ಮುದುಕಿ ಕೈ ಚಾಚಿದರು. ಹೋಲಿಸಿ ನೋಡಲೆಂದು ಬೆಟ್ಟಕ್ಕೆ ಒಯ್ದು ಇದಾಲ್ಮಿಸ್ ತನ್ನ ಚೀಲದಲ್ಲೇ ಉಳಿಸಿಕೊಂಡಿದ್ದ, ಅವರದೇ ಸೀಸೆಯ ಹಳೆಯ ಚಿಪ್ಪೊಂದನ್ನು ಆ ಕೈಗಿಟ್ಟಳು. ಎನೇಯ್ದಾ ಅದನ್ನು ಬೆರಳಲ್ಲಿ ಸುತ್ತಿಸಿದರು, ಕೆನ್ನೆಗೆ ಒತ್ತಿಕೊಂಡರು.

ಆ ಸಂಜೆ ಇದಾಲ್ಮಿಸ್ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದಳು. ಇಷ್ಟು ವರ್ಷದಲ್ಲಿ ಅವಳಾಗಿ ಬಂದದ್ದು ಅದೇ ಮೊದಲು.

"ಮುಂದಿನ ವಾರ ಏನು ಹೇಳ್ಲಿ? ನಿನಗೆ ಕಟ್ಟೋದು ಅಭ್ಯಾಸ ಅಲ್ವಾ."

ನಾನು ಬರೆದದ್ದನ್ನೆಲ್ಲ ಹೊಡೆಸಿಹಾಕಿದ ಹೆಂಗಸು. ನನಗೆ ಖುಷಿಯಾಗಬೇಕಿತ್ತು. ಅವಳು ಗೋಡೆಗೆ ಒರಗಿ ಕೂತ ರೀತಿ ನೋಡಿ ಆಗಲಿಲ್ಲ. ಕಿತ್ತಳೆ ಅನ್ನು ಎಂದೆ. ಯಾವ ಮರ, ಯಾವ ಹೊಳೆ, ದಾರಿಯಲ್ಲಿ ಯಾರು ಮರಗೆಣಸು ಬೇಯಿಸಿ ಕೊಟ್ಟರು, ಎಲ್ಲ ಹೇಳಿಕೊಟ್ಟೆ. ವಾರವಾರವೂ ಒಂದೊಂದು ಬೆಟ್ಟ ಹತ್ತಿದೆವು. ನಾನು ಬರೆದದ್ದರಲ್ಲಿ ಇಷ್ಟು ಗಮನ ಕೊಟ್ಟು ಯಾರಾದರೂ ಕೇಳಿದ್ದು ಇದನ್ನೇ ಇರಬೇಕು, ಅದೂ ನನ್ನದೆಂದು ತಿಳಿಯದೆ. ಬಣ್ಣ ಹಂತಹಂತವಾಗಿ ಏರಿತು, ಎಲ್ಲೂ ಕಡಿಯಲಿಲ್ಲ. ಅಷ್ಟು ಸರಿಯಾಗಿ ಜೋಡಿಸಲಿಕ್ಕೆ ಸುಳ್ಳಿಗೆ ಮಾತ್ರ ಸಾಧ್ಯ.

ಈಗ ಉಳಿದಿರುವುದು ಒಂದೇ ಬೆಟ್ಟ. ಅದನ್ನು ಹತ್ತಿದರೆ ಕಥೆ ಮುಗಿಯುತ್ತದೆ, ಅವರ ವಾದ ಗೆಲ್ಲುತ್ತದೆ. ಎನೇಯ್ದಾ ಆಗಲೇ ಹೇಳಿದ್ದಾರೆ: "ಅದೊಂದಾದ್ರೆ ಮತ್ತೆ ಗೋಡೆ ನಿಲ್ಸು. ಹವಾನಾದವರನ್ನ ಕರಿ. ಅವರೇ ನೋಡ್ಲಿ." ಹಲಗೆಗಳೂ ಖಾಲಿ ಇವೆ. ಅರಿಸ್ತಿದೆಸ್ ಬೇಡ ಎನ್ನುವುದಿಲ್ಲ. ನಿಲ್ಲಿಸಿದರೆ ಅದರ ಮೇಲೆ ಇಡಲಿಕ್ಕೆ ಏನೂ ಇಲ್ಲ.

ಅದಕ್ಕೇ ಆ ಬೆಟ್ಟದ ದಾರಿಗೆ ಅಡ್ಡವಾಗಿ ಮಾತಿನಲ್ಲೇ ಒಂದು ಹೊಳೆ ತುಂಬಿಸಿದೆವು. ಮಳೆಯಿಲ್ಲದ ಈ ತಿಂಗಳಲ್ಲಿ, ಆಕಾಶ ಬಿಸಿಲಿಗೆ ಬಿರಿಯುತ್ತಿರುವಾಗ, ನಮ್ಮ ಹೊಳೆ ವಾರಗಟ್ಟಲೆ ಇಳಿಯಲೇ ಇಲ್ಲ. ಆಮೇಲೆ ಇದಾಲ್ಮಿಸ್‌ಗೆ ಜ್ವರ ಬರಿಸಿದೆವು. ಈ ಭಾನುವಾರಕ್ಕೆ ಸೇತುವೆ ಮುರಿಸಿದೆವು.

ಅವಳು ಈಗಷ್ಟೇ ಮೇಲೆ ಬಂದಳು.

"ಏನಂದ್ರು?"

"ಅಲ್ಲಿ ಸೇತುವೆನೇ ಇರ್ಲಿಲ್ಲ ಅಂದ್ರು."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಕಾಫಿ ಕೊಟ್ರು. ಮುಂದಿನ ವಾರ ಬಾ, ದಾಟಿದ್ಯೋ ಇಲ್ವೋ ಹೇಳು ಅಂದ್ರು."

ಅವರಿಗೆ ಎಷ್ಟು ಗೊತ್ತು, ಯಾವಾಗಿನಿಂದ ಗೊತ್ತು ಎಂದು ನೀವು ಕೇಳುತ್ತೀರಿ. ಇದಾಲ್ಮಿಸ್ ಕೂಡ ಅದನ್ನೇ ಕೇಳುತ್ತಿದ್ದಾಳೆ. ನಾನು ಹಾಳೆ ಮಗುಚಿಟ್ಟಿದ್ದೇನೆ. ಅವಳು ಮೆಟ್ಟಿಲ ಮೇಲೆ ಕೂತು ಊದಿದ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಾಳೆ, ಎದ್ದು ಹೋಗುತ್ತಿಲ್ಲ. ಹೊಳೆಯ ಈ ದಡದಲ್ಲಿ ಅವಳನ್ನು ಇನ್ನೆಷ್ಟು ದಿನ ನಿಲ್ಲಿಸಲಿ?